ಆ ಸಾಲು ಬದಲಿಸಿದ್ದು ಯಾರು?

ಪುಣೆಯ ಹಿಂಜೆವಾಡಿಯಲ್ಲಿ ನನ್ನ ಮೊದಲ ಕೆಲಸ. ಟೀಮಿನಲ್ಲಿ ಧಾರವಾಡ, ಬೆಳಗಾವಿ ಕಡೆಯವರೇ ನಾಲ್ಕು ಜನ. ಕೋಡ್ ಎಲ್ಲ ಒಂದೇ ಶೇರ್ ಫೋಲ್ಡರಿನಲ್ಲಿ: ‘ಫೈನಲ್’, ‘ಹೊಸ ಫೈನಲ್’, ‘ಇದೇ ಫೈನಲ್’. ಒಂದು ಶುಕ್ರವಾರ ಸಂಜೆ, ಯಾರೋ ಕೋಡಿನ ಒಂದು ಸಾಲು ಬದಲಿಸಿದ್ದರಿಂದ ಬಿಲ್ಲಿನ ಲೆಕ್ಕ ತಪ್ಪತೊಡಗಿತು. ಬೆಳಗಾವಿಗೆ ಹೊರಟಿದ್ದ ಗೆಳೆಯನ ಬಸ್ ಹೋಯಿತು. “ಯಾರ್ ಮುಟ್ಟ್ಯಾರಪಾ ಇದನ್ನ?” ಅಂತ ರಾತ್ರಿಯಿಡೀ ಕೇಳುತ್ತಲೇ ಇದ್ದ.

ಈ ಪ್ರಶ್ನೆ ಹಳೆಯದು. 1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರೋಚ್‌ಕೈಂಡ್ ಎಸ್‌ಸಿಸಿಎಸ್ ಅನ್ನೋ ಸಾಫ್ಟ್‌ವೇರ್ ಬರೆದರು. ಕೋಡ್ ಬದಲಾದಾಗಲೆಲ್ಲ ಯಾರು, ಯಾವಾಗ, ಯಾಕೆ ಅನ್ನೋದನ್ನೂ ಅದು ದಾಖಲಿಸುತ್ತಿತ್ತು. ಆದರೆ ಒಬ್ಬರು ಫೈಲ್ ತೆಗೆದುಕೊಂಡರೆ ಉಳಿದವರಿಗೆ ಬೀಗ. ಬೀಗ ಹಾಕಿದವರು ರಜೆ ಮೇಲೆ ಊರಿಗೆ ಹೋದರೆ ಮುಗೀತು! 1986ರಲ್ಲಿ ಡಿಕ್ ಗ್ರೂನ್ ಶುರುಮಾಡಿದ ಸಿವಿಎಸ್‌ನಲ್ಲಿ ಬೀಗದ ಕಾಟ ಹೋಯಿತು. ಎಲ್ಲರೂ ಒಟ್ಟಿಗೆ ಬರೆದು, ಆಮೇಲೆ ಮರ್ಜ್ ಮಾಡಬಹುದಿತ್ತು, ಅಂದರೆ ಒಂದುಗೂಡಿಸಬಹುದಿತ್ತು. ಅದರ ತೊಂದರೆ ಬೇರೆ. ಹತ್ತು ಫೈಲ್ ಕಮಿಟ್ ಮಾಡುವಾಗ (ಬದಲಾವಣೆ ದಾಖಲಿಸುವಾಗ) ಮಧ್ಯೆ ನೆಟ್‌ವರ್ಕ್ ಹೋದರೆ ಅರ್ಧ ಹೊಸದು, ಅರ್ಧ ಹಳೆಯದು. 2004ರಲ್ಲಿ 1.0 ಆವೃತ್ತಿ ಕಂಡ ಸಬ್‌ವರ್ಷನ್ ಇದನ್ನು ಸರಿಮಾಡಿತು: ಬಂದರೆ ಎಲ್ಲ ಬರಬೇಕು, ಇಲ್ಲಾಂದ್ರೆ ಒಂದೂ ಬೇಡ.

ನನಗೆ ಜಾಸ್ತಿ ಇಷ್ಟವಾಗುವ ಕತೆ 2003ರ ನವೆಂಬರಿನದು. ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ಮಿನ ಕೋಡ್ ಆಗ ಬಿಟ್‌ಕೀಪರ್ ಎಂಬ ಇಂಥದ್ದೇ ಸಾಫ್ಟ್‌ವೇರಿನಲ್ಲಿತ್ತು. ಅದರ ಒಂದು ನಕಲು ಸಿವಿಎಸ್‌ನಲ್ಲೂ ಇತ್ತು. ಯಾರೋ ಆ ನಕಲಿನೊಳಗೆ ನುಗ್ಗಿ ಎರಡು ಸಾಲು ಸೇರಿಸಿದರು. ನೋಡಲು ‘ಬಳಸುತ್ತಿರುವವನು ರೂಟ್ (ಕಂಪ್ಯೂಟರಿನ ಎಲ್ಲ ಅಧಿಕಾರ ಇರುವವನು) ಹೌದಾ?’ ಅಂತ ಕೇಳುವ ಸಾಲು. ಆದರೆ ಎರಡು ಸಮ ಚಿಹ್ನೆ ಇರಬೇಕಾದ ಕಡೆ ಒಂದೇ ಇತ್ತು. ಅಂದರೆ ಅದು ಕೇಳುತ್ತಿರಲಿಲ್ಲ, ಅವನನ್ನು ರೂಟ್ ಮಾಡಿಬಿಡುತ್ತಿತ್ತು. ಕಣ್ಣಿಗೆ ಬೀಳೋದು ಕಷ್ಟ, ಅಲ್ವಾ? ಸಿಕ್ಕಿಬಿದ್ದದ್ದು ದಾಖಲೆಯಿಂದ. ಆ ಬದಲಾವಣೆಗೆ ಬಿಟ್‌ಕೀಪರ್‌ನಲ್ಲಿ ಜೋಡಿ ದಾಖಲೆಯೇ ಇರಲಿಲ್ಲ.

2005ರಲ್ಲಿ ಜಗಳವಾಗಿ ಬಿಟ್‌ಕೀಪರ್‌ನ ಉಚಿತ ಬಳಕೆ ನಿಂತಿತು. ಏಪ್ರಿಲ್‌ನಲ್ಲಿ ಲಿನಕ್ಸ್ ಶುರುಮಾಡಿದ ಲೈನಸ್ ಟೋರ್ವಾಲ್ಡ್ಸ್ ಅದರ ಬದಲಿಗೆ ಗಿಟ್ ಬರೆಯಲು ಕೂತರು. ಕೆಲವೇ ದಿನಗಳಲ್ಲಿ ಗಿಟ್‌ನ ಕೋಡನ್ನು ಗಿಟ್‌ನಲ್ಲೇ ಇಡುವಂತಾಯಿತು. ಇಲ್ಲಿ ಪ್ರತಿ ಕಮಿಟ್‌ಗೆ 40 ಅಕ್ಷರದ ಹೆಸರು. ಅದು ಒಳಗಿನ ಕೋಡ್ ಮತ್ತು ಹಿಂದಿನ ಕಮಿಟ್‌ನ ಹೆಸರು ಎರಡನ್ನೂ ಸೇರಿಸಿ ಮಾಡಿದ ಲೆಕ್ಕ. ಹಳೆಯ ಒಂದು ಅಕ್ಷರ ತಿದ್ದಿದರೂ ಅಲ್ಲಿಂದ ಮುಂದಿನ ಹೆಸರೆಲ್ಲ ಬದಲಾಗುತ್ತವೆ. ಗುಟ್ಟಾಗಿ ತಿದ್ದೋದು ಸುಲಭವಲ್ಲ.

ಗಿಟ್ ಕೆಟ್ಟ ಕೋಡನ್ನು ತಡೆಯೋದಿಲ್ಲ, ಹುಡುಕಿಕೊಡುತ್ತದೆ. ಸಾವಿರ ಕಮಿಟ್ ನಡುವೆ ಬಗ್ ಹೊಕ್ಕಿದ್ದರೆ ‘ಬೈಸೆಕ್ಟ್’ ಪ್ರತಿ ಸಲ ಅರ್ಧರ್ಧ ಬಿಟ್ಟು, ಸುಮಾರು ಹತ್ತು ಪರೀಕ್ಷೆಯಲ್ಲಿ ಹಿಡಿಯುತ್ತದೆ. ಜನ ಇದನ್ನು ಸುಮ್ನೆ ಬ್ಯಾಕಪ್ ಅಂದುಕೊಳ್ಳುತ್ತಾರೆ. ಕಮಿಟ್ ಸಂದೇಶದಲ್ಲಿ ‘ಚೇಂಜಸ್’ ಅಂತಷ್ಟೇ ಬರೆಯುವವರ ಮೇಲೆ ನನಗೆ ಸಿಟ್ಟು ಬರೋದು ಅದಕ್ಕೇ. ‘ಯಾಕೆ’ ಅನ್ನೋದೇ ಅಲ್ಲಿರುವುದಿಲ್ಲ.

ಆ ಶುಕ್ರವಾರದ ಸಾಲನ್ನು ಬದಲಿಸಿದ್ದು ಯಾರೆಂದು ಇವತ್ತಿಗೂ ಗೊತ್ತಿಲ್ಲ. ಗೆಳೆಯ ಈಗಲೂ ನನ್ನ ಕಡೆಗೇ ಬೆರಳು ತೋರಿಸುತ್ತಾನೆ. ನಾನಲ್ಲ ಅನ್ನಲು ನನ್ನ ಹತ್ತಿರ ದಾಖಲೆ ಇಲ್ಲ.