ಎರಡು ಪದರಗಳ ಗಡಿ: ಚಿಂಗ್ ಟಾಂಗ್ ಅವರ ಸಂಶೋಧನೆಯ ಬಗ್ಗೆ ಅಧ್ಯಯನ ಟಿಪ್ಪಣಿ

ಸಾವಯವ (ಇಂಗಾಲದ ಸಂಯುಕ್ತಗಳ) ಎಲೆಕ್ಟ್ರಾನಿಕ್ಸ್ ಅಧ್ಯಾಯದಲ್ಲಿ ಬರುವ ಹೆಸರುಗಳು ಬಹಳ. ಅಷ್ಟನ್ನೂ ಉರುಹೊಡೆಯುವ ಬದಲು ಒಬ್ಬರ ಕೆಲಸವನ್ನು ಗಟ್ಟಿಯಾಗಿ ತಿಳಿದುಕೊಂಡರೆ ಉಳಿದವರು ಎಲ್ಲಿ ಬಂದು ಸೇರುತ್ತಾರೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಮಡಿಕೇರಿ, ವಿರಾಜಪೇಟೆ ಕಡೆಯ ರಸಾಯನವಿಜ್ಞಾನದ ಸಹಪಾಠಿಗಳಿಗಾಗಿ ನಾನು ಆರಿಸಿಕೊಂಡದ್ದು ಚಿಂಗ್ ಟಾಂಗ್ ಅವರನ್ನು. 2000ದ ನೊಬೆಲ್ ವಾಹಕ ಪಾಲಿಮರ್‌ಗಳಿಗಾಗಿ ಹೀಗರ್, ಮ್ಯಾಕ್‌ಡಿಯರ್ಮಿಡ್ ಮತ್ತು ಶಿರಾಕಾವಾ ಅವರಿಗೆ ಸಂದಿತು. ನಮ್ಮ ಟಿಪ್ಪಣಿ ಪುಸ್ತಕಗಳಲ್ಲಿ ಟಾಂಗ್ ಅವರಿಗೆ ಎರಡೇ ಸಾಲು ಸಿಗುವುದು ಅದರಿಂದಲೇ ಇರಬೇಕು. ಆದರೆ ಜೇಬಿನ ಫೋನಿನಲ್ಲಿರುವ, ವಿದ್ಯುತ್ ಹಾಯಿಸಿದರೆ ತಾನೇ ಬೆಳಗುವ ಸಾವಯವ ಪದರಗಳ ಒಎಲ್‌ಇಡಿ ಪರದೆಯ ಮೂಲ ಹುಡುಕಿಕೊಂಡು ಹೋದರೆ ಸಿಗುವುದು ಇವರೇ.

ಹಾಂಗ್‌ಕಾಂಗ್‌ನಲ್ಲಿ ಹುಟ್ಟಿದ ಟಾಂಗ್ ಕೆನಡಾದಲ್ಲಿ ಪದವಿ ಮುಗಿಸಿ, 1975ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಅದೇ ವರ್ಷ ಫೋಟೋ ಫಿಲ್ಮಿಗೆ ಹೆಸರಾದ ಕೊಡಾಕ್ ಕಂಪನಿ ಸೇರಿದರು. ಬಣ್ಣಗಳ ರಸಾಯನವಿಜ್ಞಾನದಲ್ಲಿ ಪಳಗಿದ ಕಂಪನಿಯದು ಎಂಬುದನ್ನು ಮರೆಯಬಾರದು.

ಅಲ್ಲಿ ಅವರು ಮೊದಲು ಕೈಹಾಕಿದ್ದು ಸೌರಕೋಶಕ್ಕೆ. ಸಾವಯವ ವಸ್ತುವಿನ ಮೇಲೆ ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮತ್ತು ರಂಧ್ರ (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗ) ಕೂಡಲೇ ಬೇರೆಯಾಗುವುದಿಲ್ಲ. ಜೋಡಿಯಾಗಿ ಅಂಟಿಕೊಂಡೇ ಇರುತ್ತವೆ. ಈ ಜೋಡಿಗೆ ಎಕ್ಸೈಟಾನ್ ಎಂದು ಹೆಸರು. ಅದು ಸುಮಾರು 10 ನ್ಯಾನೋಮೀಟರ್ ಸಾಗುವಷ್ಟರಲ್ಲಿ ಆಯುಸ್ಸು ಮುಗಿಯುತ್ತದೆ. ಟಾಂಗ್ ಎರಡು ಬೇರೆ ಬೇರೆ ವಸ್ತುಗಳ ತೆಳು ಪದರಗಳನ್ನು ಒಂದರ ಮೇಲೊಂದು ಕೂರಿಸಿದರು: ತಾಮ್ರದ ಥ್ಯಾಲೋಸಯನೀನ್ ಮತ್ತು ಪೆರಿಲೀನಿನ ಒಂದು ವ್ಯುತ್ಪನ್ನ. ಎರಡೂ ಸೇರಿ 100 ನ್ಯಾನೋಮೀಟರಿಗಿಂತ ಕಡಿಮೆ ದಪ್ಪ. ಗಡಿ ತಲುಪಿದ ಜೋಡಿ ಒಡೆದು, ಎಲೆಕ್ಟ್ರಾನ್ ಒಂದು ಪದರಕ್ಕೆ, ರಂಧ್ರ ಇನ್ನೊಂದಕ್ಕೆ ಹೋಗುತ್ತದೆ. 1986ರಲ್ಲಿ ಪ್ರಕಟವಾದ ಈ ಕೋಶದ ದಕ್ಷತೆ ಸುಮಾರು ಶೇ. 1. ಕೇಳಲು ಅಲ್ಪ ಎನಿಸಿದರೂ ಸಾವಯವ ಕೋಶಗಳ ಮಟ್ಟಿಗೆ ಆಗ ಅದು ದೊಡ್ಡ ಜಿಗಿತ.

ಮರುವರ್ಷ, 1987ರಲ್ಲಿ, ಸ್ಟೀವನ್ ವ್ಯಾನ್ ಸ್ಲೈಕ್ ಅವರೊಂದಿಗೆ ಇದಕ್ಕೆ ತಿರುವುಮುರುವಾದ ಸಾಧನವನ್ನು ಪ್ರಕಟಿಸಿದರು. ಬೆಳಕು ಹಾಕಿ ವಿದ್ಯುತ್ ಪಡೆಯುವುದಲ್ಲ, ವಿದ್ಯುತ್ ಹಾಯಿಸಿ ಬೆಳಕು ಪಡೆಯುವುದು. ಒಂದು ಪದರ ಆರೋಮ್ಯಾಟಿಕ್ ಡೈಅಮೀನ್. ಇದರಲ್ಲಿ ರಂಧ್ರಗಳು ಸಲೀಸಾಗಿ ಚಲಿಸುತ್ತವೆ. ಇನ್ನೊಂದು ಪದರ ಎಲೆಕ್ಟ್ರಾನ್ ಸಾಗಿಸುವ ವಸ್ತು. ಅದು ನಮಗೆ ಹೊಸದೇನಲ್ಲ. ತೂಕ ವಿಶ್ಲೇಷಣೆಯ ಪ್ರಯೋಗದಲ್ಲಿ ಆಕ್ಸೀನ್ (8-ಹೈಡ್ರಾಕ್ಸಿಕ್ವಿನೋಲಿನ್) ಸೇರಿಸಿ ಅಲ್ಯೂಮಿನಿಯಂ ಅನ್ನು ಹಳದಿ ಒತ್ತರವಾಗಿ ಇಳಿಸುತ್ತೇವಲ್ಲ, ಅದೇ ಸಂಯುಕ್ತ! ನಾವು ಸೋಸಿ, ಒಣಗಿಸಿ, ತೂಗಿ ಬದಿಗಿಡುವ ಪುಡಿಯನ್ನು ಅವರು ನಿರ್ವಾತದಲ್ಲಿ ಆವಿಯಾಗಿಸಿ ಗಾಜಿನ ಮೇಲೆ ಕೂರಿಸಿದರು. ಎಲೆಕ್ಟ್ರಾನ್‌ಗಳು ಡೈಅಮೀನಿನೊಳಕ್ಕೆ ನುಗ್ಗಲಾರದೆ ಗಡಿಯಲ್ಲಿ ನಿಲ್ಲುತ್ತವೆ. ರಂಧ್ರಗಳು ಅಲ್ಲಿಗೇ ಬಂದು ಸೇರುತ್ತವೆ. ಹಸಿರು ಬೆಳಕು ಹೊಮ್ಮುತ್ತದೆ.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಿ. 1963ರಲ್ಲಿ ಪೋಪ್ ಎಂಬ ವಿಜ್ಞಾನಿಯ ತಂಡ ಆಂತ್ರಸೀನ್ ಹರಳಿನಿಂದ ಬೆಳಕು ಬರಿಸಲು ಸುಮಾರು 400 ವೋಲ್ಟ್ ಬಳಸಿತ್ತು. ಹರಳಿನ ದಪ್ಪ 10ರಿಂದ 20 ಮೈಕ್ರೋಮೀಟರ್. ಟಾಂಗ್ ಅವರಿಗೆ ಸಾಕಾದದ್ದು 10 ವೋಲ್ಟಿಗಿಂತಲೂ ಕಡಿಮೆ. ಆದರೆ ಅವರ ಎರಡೂ ಪದರ ಸೇರಿ ದಪ್ಪ ಸುಮಾರು 135 ನ್ಯಾನೋಮೀಟರ್. ಭಾಗಿಸಿದರೆ ವಿದ್ಯುತ್ ಕ್ಷೇತ್ರ ಟಾಂಗ್ ಅವರದ್ದೇ ಹೆಚ್ಚು. ‘ಕಡಿಮೆ ವೋಲ್ಟೇಜ್’ ಎಂದಷ್ಟೇ ಬರೆದರೆ ಉತ್ತರ ಅರ್ಧವಾಗುತ್ತದೆ. ಪದರದ ದಪ್ಪವನ್ನೂ ಹೇಳಬೇಕು.

ಕ್ಯಾಥೋಡಿಗೆ, ಅಂದರೆ ಎಲೆಕ್ಟ್ರಾನ್ ಒಳಬಿಡುವ ತುದಿಗೆ, ಮೆಗ್ನೀಸಿಯಂ ಮತ್ತು ಬೆಳ್ಳಿಯ ಮಿಶ್ರಲೋಹ. ಎಲೆಕ್ಟ್ರಾನನ್ನು ಸುಲಭವಾಗಿ ಬಿಟ್ಟುಕೊಡುವ ಲೋಹ ತೇವಾಂಶಕ್ಕೂ ಅಷ್ಟೇ ಸುಲಭವಾಗಿ ಸೋಲುತ್ತದೆ. ನೀರಾವಿ ತಗಲಿದಲ್ಲಿ ಬೆಳಗದ ಕಪ್ಪು ಚುಕ್ಕೆಗಳು ಏಳುತ್ತವೆ. ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆಯಲ್ಲಿ, ಚೆನ್ನಾಗಿ ಒಣಗಿಸಿ ಮೂಟೆ ಕಟ್ಟಿದ ಕಾಫಿಯೂ ತೇವ ಎಳೆದುಕೊಳ್ಳುವುದನ್ನು ಕಂಡ ನಮಗೆ ಇದನ್ನು ವಿವರಿಸಬೇಕಿಲ್ಲ. ಕಾಫಿಗಾದರೆ ಶೇ. 10ರಷ್ಟು ತೇವಾಂಶ ಇದ್ದರೂ ನಡೆಯುತ್ತದೆ. ಒಎಲ್‌ಇಡಿಯ ಹೊದಿಕೆಗೆ ಸಾಮಾನ್ಯವಾಗಿ ಹೇಳುವ ಮಿತಿ, ಚದರ ಮೀಟರಿಗೆ ದಿನಕ್ಕೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು ನೀರಾವಿ.

1989ರಲ್ಲಿ ಟಾಂಗ್ ತಂಡ ಎಲೆಕ್ಟ್ರಾನ್ ಸಾಗಿಸುವ ಅದೇ ಪದರಕ್ಕೆ ಅತ್ಯಲ್ಪ ಪ್ರಮಾಣದ ಪ್ರತಿದೀಪ್ತ (ಶಕ್ತಿ ಹೀರಿ ಕೂಡಲೇ ಬೆಳಕು ಸೂಸುವ) ಬಣ್ಣಗಳನ್ನು ಬೆರೆಸಿ ದಕ್ಷತೆಯನ್ನು ಶೇ. 2.5ರ ಆಸುಪಾಸಿಗೆ ಏರಿಸಿತು, ಬೆಳಕಿನ ಬಣ್ಣವನ್ನೂ ಬದಲಿಸಿತು. 2003ರಲ್ಲಿ ಕೊಡಾಕ್ ಒಎಲ್‌ಇಡಿ ಪರದೆಯ ಕ್ಯಾಮೆರಾ ಮಾರಿತಾದರೂ 2009ರಲ್ಲಿ ಆ ವ್ಯವಹಾರವನ್ನೇ ಎಲ್‌ಜಿಗೆ ಬಿಟ್ಟುಕೊಟ್ಟಿತು. ಟಾಂಗ್ ಅದಕ್ಕೂ ಮೊದಲೇ ರೋಚೆಸ್ಟರ್ ವಿಶ್ವವಿದ್ಯಾಲಯ ಸೇರಿದ್ದರು. 2011ರಲ್ಲಿ ರಸಾಯನವಿಜ್ಞಾನದ ವುಲ್ಫ್ ಪ್ರಶಸ್ತಿ ಹಂಚಿಕೊಂಡರು.

ಅವರ ಸಾಧನದಲ್ಲಿ ಉಳಿದಿದ್ದ ಕೊರತೆ ಎಲೆಕ್ಟ್ರಾನಿನ ಒಳಗುಣವಾದ ಸ್ಪಿನ್‌ಗೆ ಸಂಬಂಧಿಸಿದ್ದು. ವಿದ್ಯುತ್ತಿನಿಂದ ಹುಟ್ಟುವ ನಾಲ್ಕು ಎಕ್ಸೈಟಾನ್‌ಗಳಲ್ಲಿ ಮೂರು ತ್ರಿಕ ಸ್ಥಿತಿಯವು (ಎಲೆಕ್ಟ್ರಾನ್, ರಂಧ್ರಗಳ ಸ್ಪಿನ್ ಪರಸ್ಪರ ರದ್ದಾಗದೆ ಉಳಿದಂಥವು); ಪ್ರತಿದೀಪ್ತಿಗೆ ಅವು ಒದಗುವುದಿಲ್ಲ. 1998ರಲ್ಲಿ ಥಾಂಪ್ಸನ್ ಮತ್ತು ಫಾರೆಸ್ಟ್ ಭಾರಲೋಹದ ಸಂಕೀರ್ಣಗಳ ಸ್ಫುರದೀಪ್ತಿಯಿಂದ (ತ್ರಿಕ ಸ್ಥಿತಿಯಿಂದ ತುಸು ತಡವಾಗಿ ಹೊಮ್ಮುವ ಬೆಳಕು) ಅವನ್ನೂ ಬೆಳಕಿಗೆ ತಂದರು; 2012ರಲ್ಲಿ ಅಡಾಚಿ ತಂಡ ಭಾರಲೋಹವಿಲ್ಲದೆಯೇ ಅದನ್ನು ಸಾಧಿಸಿತು. ಕೆಂಪು, ಹಸಿರಿಗೆ ಸ್ಫುರದೀಪ್ತಿ ಒಗ್ಗಿತು. ನೀಲಿಗೆ ಬೇಕಾದ ಶಕ್ತಿ ಹೆಚ್ಚು. ಬಹುಕಾಲ ಉಳಿಯುವ ಆ ತ್ರಿಕ ಸ್ಥಿತಿಗಳು ಅಣುವಿನ ಬಂಧಗಳನ್ನೇ ಮುರಿಯುತ್ತವೆ. ಹಾಗಾಗಿ ಫೋನ್ ಪರದೆಗಳಲ್ಲಿ ನೀಲಿ ಬಹುಮಟ್ಟಿಗೆ ಪ್ರತಿದೀಪ್ತಿಯನ್ನೇ ನೆಚ್ಚಿಕೊಂಡು ಬಂದಿದೆ.