ಕಲ್ಲು ಉಳಿಯಿತು, ಇಟ್ಟಿಗೆ ಹೋಯಿತು

ನಾನು ಅಮೆರಿಕದ ಬಫಲೋದಲ್ಲಿ ಹಳೇ ಕಟ್ಟಡಗಳನ್ನು ಉಳಿಸುವ ಕೆಲಸ ಮಾಡುವವಳು. ಊರಿಂದ ಬಂದ ನೆಂಟರು ನಯಾಗರಾ ನೋಡಿ ಮುಗಿಸಿದ ಮೇಲೆ ಅವರನ್ನು ಇಲ್ಲಿನ ಹಳೇ ಹುಚ್ಚಾಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. (ಆ ಪದ ಈಗ ಬಳಸಬಾರದು, ಗೊತ್ತು. ಆದರೆ ಕಟ್ಟಿದವರು ಇಟ್ಟ ಹೆಸರಿನ ಅರ್ಥ ಅದೇ.) ಕೆಂಪು ಕಲ್ಲಿನ ಎರಡು ಗೋಪುರ, ಮೇಲೆ ತಾಮ್ರದ ಮಾಡು. ನೋಡಿದವರೆಲ್ಲ ಕೇಳುವುದು ಒಂದೇ: "ದೆವ್ವ ಇದೆಯಾ?" ಅದಕ್ಕೆ ನನಗೇನೂ ಬೇಸರವಿಲ್ಲ. ಸಿಟ್ಟು ಬರುವುದು ಇಂಥ ಕಟ್ಟಡಗಳ ಮಾಲೀಕರು ಮೀಟಿಂಗಿನಲ್ಲಿ ಆಡುವ ಮಾತಿಗೆ. "ಮುಂದಿನ ಗೋಪುರ ಉಳಿಸಿಕೊಳ್ಳೋಣ, ಪಕ್ಕದ ವಾರ್ಡುಗಳನ್ನು ಕೆಡವಿಬಿಡೋಣ."

ಗೋಪುರದ ಕಟ್ಟಡ ಆಫೀಸು ಕಣ್ರೀ. ಆಸ್ಪತ್ರೆ ಇದ್ದದ್ದು ವಾರ್ಡುಗಳಲ್ಲಿ.

ನಡುವೆ ಗೋಪುರ, ಎರಡೂ ಕಡೆ ವಾರ್ಡುಗಳ ಸಾಲು. ಈ ನಕ್ಷೆಯ ಹಿಂದೆ ಇದ್ದವರು ಒಬ್ಬ ಡಾಕ್ಟರು, ಫಿಲಡೆಲ್ಫಿಯಾದ ಥಾಮಸ್ ಸ್ಟೋರಿ ಕರ್ಕ್‌ಬ್ರೈಡ್. 1841ರಿಂದ 1883ರಲ್ಲಿ ಸಾಯುವವರೆಗೂ ಒಂದೇ ಆಸ್ಪತ್ರೆ ನಡೆಸಿದರು. ಇಂಥ ಆಸ್ಪತ್ರೆ ಹೇಗೆ ಕಟ್ಟಬೇಕು ಅಂತ 1854ರಲ್ಲಿ ಪುಸ್ತಕವನ್ನೇ ಬರೆದರು. ಆಗ ಮಾನಸಿಕ ರೋಗಿಗಳನ್ನು ಜೈಲಿಗೋ ಬಡವರ ಛತ್ರಕ್ಕೋ ತಳ್ಳುತ್ತಿದ್ದರು. ಅವರಿಗೆ ಬೆಳಕು, ಗಾಳಿ, ಸುತ್ತ ಹೊಲತೋಟ ಕೊಟ್ಟರೆ ಗುಣವಾಗುತ್ತಾರೆ ಎಂದು ಕರ್ಕ್‌ಬ್ರೈಡ್ ನಂಬಿದ್ದರು. 250ಕ್ಕಿಂತ ಜಾಸ್ತಿ ಜನ ಬೇಡ, ಊರಾಚೆ ಕನಿಷ್ಠ 100 ಎಕರೆ ಬೇಕು ಅಂತ ಲೆಕ್ಕ ಹಾಕಿದ್ದರು.

ಈಗ ಬೆಂಕಿಪೊಟ್ಟಣ ತೆಗೆದುಕೊಳ್ಳಿ. ಮೀಟಿಂಗಿಗೆ ನಾನು ಚೀಲದಲ್ಲಿ ಬೆಂಕಿಪೊಟ್ಟಣ ಹಾಕಿಕೊಂಡೇ ಹೋಗುವುದು. ಐದು ಪೊಟ್ಟಣಗಳನ್ನು ತುದಿಗೆ ತುದಿ ಸೇರಿಸಿ ನೇರ ಸಾಲಿನಲ್ಲಿಡಿ. ಒಂದೊಂದು ಪೊಟ್ಟಣವೂ ಒಂದು ವಾರ್ಡು ಅಂದುಕೊಳ್ಳಿ. ನಡುವಿನ ಪೊಟ್ಟಣಗಳ ಎರಡೂ ತುದಿ ಮುಚ್ಚಿಹೋದವು. ಒಳಗಿನ ಕಾರಿಡಾರು ಸುರಂಗವಾಯಿತು. ಈಗ ಒಂದೊಂದನ್ನೂ ಪಕ್ಕದ್ದಕ್ಕಿಂತ ಒಂದಷ್ಟು ಹಿಂದಕ್ಕೆ ಜರುಗಿಸಿ, ದಸರಾ ಗೊಂಬೆಯ ಮೆಟ್ಟಿಲನ್ನು ನೆಲದ ಮೇಲೆ ಮಲಗಿಸಿದ ಹಾಗೆ. ತುದಿಗಳು ತೆರೆದುಕೊಂಡವು ಅಲ್ವಾ? ಆ ತೆರೆದ ತುದಿಗೆ ಕಿಟಕಿ ಬಂತು, ಕಾರಿಡಾರಿನ ಉದ್ದಕ್ಕೂ ಗಾಳಿ ಆಡಿತು. ಇಷ್ಟೇ ವಿಷಯ. ಹೀಗೆ ಹಿಂದಕ್ಕೆ ಸರಿದು ನಿಲ್ಲುವುದೇ ಈ ಕಟ್ಟಡದ ಜೀವ. ಸಾಲನ್ನು ಕೆಡವಿ ಮುಂದಿನ ಮುಖ ಇಟ್ಟುಕೊಂಡರೆ ನಿಮ್ಮ ಹತ್ತಿರ ಉಳಿಯುವುದು ಆಫೀಸು. ಇಷ್ಟು ತೋರಿಸಿದ ಮೇಲೂ ಒಬ್ಬರು ಪೊಟ್ಟಣ ಎತ್ತಿ ನೋಡುತ್ತಾ, "ಸರಿ, ಗೋಪುರದ ಬಜೆಟ್ ಎಷ್ಟು?" ಅಂತ ಕೇಳಿದ್ದುಂಟು.

ಮ್ಯಾಸಚೂಸೆಟ್ಸ್‌ನ ಡ್ಯಾನ್ವರ್ಸ್‌ನಲ್ಲಿ ಆದದ್ದೇ ಇದು. 1878ರಲ್ಲಿ ತೆರೆದ ಆಸ್ಪತ್ರೆಯನ್ನು 2006ರಿಂದ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರು. ಉಳಿಸಿದ್ದು ನಡುಭಾಗದ ಹೊರಗೋಡೆ. ಮಿಷಿಗನ್‌ನ ಟ್ರಾವರ್ಸ್ ಸಿಟಿಯಲ್ಲಿ ಮಾತ್ರ ಉದ್ದನೆಯ ಸಾಲನ್ನು ಉಳಿಸಿಕೊಂಡು ಮನೆ, ಅಂಗಡಿ, ಹೋಟೆಲು ಮಾಡಿದ್ದಾರೆ. ಹಾಗಂತ ಎಲ್ಲ ಕಡೆ ಅದು ಸಾಧ್ಯ ಅಂತ ನಾನು ಹೇಳಲಾರೆ. ಮಾಡು ಕುಸಿದು ಹತ್ತಾರು ವರ್ಷ ಹಿಮದ ನೀರು ಕುಡಿದ ಗೋಡೆಯನ್ನು ಕೈಯಿಂದ ತಟ್ಟಿ ನೋಡದೆ ಯಾರಿಗೂ ಭರವಸೆ ಕೊಡಬಾರದು.

ಉಳಿಸಬೇಕು ಅನ್ನುವವಳು ನಾನು. ಆದರೆ ಉಳಿಸಬೇಕಾದದ್ದೆಲ್ಲ ಒಳ್ಳೆಯದೇ ಆಗಿರಲಿಲ್ಲ. ಕರ್ಕ್‌ಬ್ರೈಡ್ ಹೇಳಿದ ಕಿಟಕಿಯನ್ನೇ ನೋಡಿ. ಸರಳು ಕಂಡರೆ ಜೈಲಿನ ಹಾಗಾಗುತ್ತದೆ ಅಂತ ಚೌಕಟ್ಟನ್ನೇ ಎರಕದ ಕಬ್ಬಿಣದಲ್ಲಿ ಮಾಡಿಸಿದರು. ದೂರದಿಂದ ನೋಡಿದರೆ ಮನೆಯ ಮರದ ಕಿಟಕಿ. ಆದರೆ ಒಂದೊಂದು ಗಾಜೂ ಮನುಷ್ಯ ನುಸುಳಲಾರದಷ್ಟು ಕಿರಿದು. ಅದರಲ್ಲಿ ಕರುಣೆ ಯಾವುದು, ಕಾವಲು ಯಾವುದು ಅಂತ ಬಿಡಿಸಿ ಹೇಳಿ ನೋಡೋಣ.

ಸಾಲಿನ ಲೆಕ್ಕವೂ ಹಾಗೆಯೇ. ಸಮಾಧಾನವಾಗಿದ್ದವರು ಗೋಪುರದ ಹತ್ತಿರ, ಕೂಗಾಡುವವರು ತೀರಾ ತುದಿಗೆ, ಅಂದರೆ ದೊಡ್ಡ ಡಾಕ್ಟರಿಂದಲೂ ನೋಡಲು ಬಂದವರಿಂದಲೂ ದೂರ. ಬಫಲೋದ ಕಟ್ಟಡವನ್ನು ರೂಪಿಸಿದವರು ಹೆನ್ರಿ ಹಾಬ್ಸನ್ ರಿಚರ್ಡ್‌ಸನ್, ಅಂಗಳ ಉದ್ಯಾನ ರೂಪಿಸುವವರಾದ ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಅವರದ್ದು. ರೋಗಿಗಳು ಬರಲು ಶುರುವಾದದ್ದು 1880ರಲ್ಲಿ, ಪೂರ್ತಿ ಮುಗಿದದ್ದು 1895ರಲ್ಲಿ. ಗೋಪುರದ ಎರಡೂ ಕಡೆ ಐದೈದು ವಾರ್ಡು. ಹತ್ತಿರದ ಎರಡೆರಡು ಕಲ್ಲಿನವು, ತುದಿಯ ಮೂರು ಮೂರು ಇಟ್ಟಿಗೆಯವು. ದುಡ್ಡು ಉಳಿಸಿದ್ದು ಯಾರ ಲೆಕ್ಕದಲ್ಲಿ ನೋಡಿ. 1960ರ ದಶಕದ ಕೊನೆಗೆ ಹೊಸ ಆಸ್ಪತ್ರೆ ಕಟ್ಟಡಕ್ಕೆ ಜಾಗ ಬೇಕಾದಾಗ ಹೋದದ್ದು ಪೂರ್ವದ ತುದಿಯ ಮೂರು. ಇಟ್ಟಿಗೆಯವು. 1974ರ ಹೊತ್ತಿಗೆ ಉಳಿದ ವಾರ್ಡುಗಳಿಂದಲೂ ರೋಗಿಗಳು ಖಾಲಿಯಾದರು. 2017ರಲ್ಲಿ ಗೋಪುರ ಮತ್ತು ಪಕ್ಕದ ಎರಡು ವಾರ್ಡು ಸೇರಿ ಹೋಟೆಲಾದವು. ಅದು 2021ರಲ್ಲಿ ಮುಚ್ಚಿ, 2023ರಲ್ಲಿ ಬೇರೆ ಹೆಸರಿನಲ್ಲಿ ಮತ್ತೆ ತೆರೆಯಿತು. ಅದೂ ಕಲ್ಲಿನ ಭಾಗವೇ.

ಚಿಕ್ಕಮ್ಮ ಬಂದಿದ್ದಾಗ ಅಲ್ಲಿಗೆ ಕಾಫಿಗೆ ಕರೆದುಕೊಂಡು ಹೋಗಿದ್ದೆ. ಅವರು ಮೂವತ್ತು ವರ್ಷಕ್ಕೂ ಮೇಲೆ ನರ್ಸಾಗಿದ್ದವರು. ಹಬ್ಬದ ದಿನ ಮನೆಮಂದಿಯೆಲ್ಲ ಎಲೆ ಹಾಕಿಕೊಂಡು ಕೂರಬಹುದು, ಅಷ್ಟು ಅಗಲದ ಕಾರಿಡಾರು. ಇದು ಸುಮ್ನೆ ಓಡಾಡುವ ಜಾಗವಲ್ಲ, ರೋಗಿಗಳು ಹಗಲು ಕೂತು ಮಾತಾಡುವ ಪಡಸಾಲೆ ಅಂತ ನಾನು ಉತ್ಸಾಹದಿಂದ ವಿವರಿಸುತ್ತಿದ್ದೆ. ಚಿಕ್ಕಮ್ಮ ಆ ಗೋಡೆಯಿಂದ ಈ ಗೋಡೆಗೆ ಕಣ್ಣಳತೆ ಮಾಡಿದರು.

"ಎರಡು ಸಾಲು ಮಂಚ ಹಿಡಿಯುತ್ತೆ ಕಣೇ. ನಡುವೆ ಟ್ರಾಲಿಗೂ ಜಾಗ."

ಸರಿಯಾಗಿಯೇ ಹೇಳಿದ್ದರು. ಇದೇ ನಕ್ಷೆಯಲ್ಲಿ ಕಟ್ಟಿದ ವೆಸ್ಟ್ ವರ್ಜೀನಿಯಾದ ವೆಸ್ಟನ್ ಆಸ್ಪತ್ರೆ 250 ಜನಕ್ಕೆಂದು ಆದದ್ದು. 1950ರ ದಶಕದಲ್ಲಿ ಅಲ್ಲಿ 2,400 ಜನ ಇದ್ದರು. ಉದಾರವಾಗಿ ಬಿಟ್ಟ ಜಾಗವೇ ಇನ್ನಷ್ಟು ಜನರನ್ನು ತುಂಬಲು ನೆಪವಾಯಿತು. ಈಗ ಅಲ್ಲಿ ಟಿಕೆಟ್ ಕೊಟ್ಟು ದೆವ್ವ ನೋಡಬಹುದು.

ಹೊರಗೆ ಬಂದಾಗ ಚಿಕ್ಕಮ್ಮ ಪಕ್ಕದ ಎತ್ತರದ ಕಟ್ಟಡ ತೋರಿಸಿ ಅದೇನು ಅಂದರು. ಈಗಿನ ಮಾನಸಿಕ ಆಸ್ಪತ್ರೆ, ನಡೆಯುತ್ತಿದೆ ಅಂದೆ.

"ವಿಸಿಟಿಂಗ್ ಅವರ್ಸ್ ಎಷ್ಟು ಗಂಟೆಗೆ?"

ಕಲ್ಲಿನ ವಾರ್ಡುಗಳ ಅಳತೆ ನನಗೆ ಬಾಯಿಪಾಠ. ಇದು ಗೊತ್ತಿರಲಿಲ್ಲ.