ಕ್ರೇನ್ ಮೇಲಿನ ‘1 ಟನ್’ ನಂಬಿ ಜೀಪಿನ ಇಂಜಿನ್ ಎತ್ತುವ ಮುನ್ನ

ಜೀಪಿನ ಇಂಜಿನ್ ಇಳಿಸಲು ಈಗ ತುಂಬಾ ಜನ ಮನೆಗೇ ಮಡಚುವ ಕ್ರೇನ್ ತರಿಸುತ್ತಾರೆ. ಮೇಲೆ ‘1 ಟನ್’ ಅಂತ ಬರೆದಿರುತ್ತದೆ. ಧೈರ್ಯ ಬರುವುದು ಸಹಜ, ಅಲ್ವಾ? ಆದರೆ ಆ ಲೆಕ್ಕ ತೋಳನ್ನು ಪೂರ್ತಿ ಒಳಗೆ ತಳ್ಳಿದಾಗಿನದು. ಸಾಮಾನ್ಯವಾಗಿ ತೋಳಿನಲ್ಲಿ ನಾಲ್ಕು ತೂತು ಇರುತ್ತವೆ. ತೋಳನ್ನು ಹಿಡಿದಿಡುವ ಪಿನ್ನು ಒಂದೊಂದೇ ತೂತು ಹೊರಗೆ ಹೋದ ಹಾಗೆ ಕ್ರೇನ್ ಎತ್ತುವ ಭಾರ 750, 500, ಕೊನೆಗೆ ಬರೀ 250 ಕಿಲೋಗೆ ಇಳಿಯುತ್ತದೆ.

ಆಫ್‌ರೋಡ್ ಗಾಡಿಯ ಕಷ್ಟ ಇಲ್ಲೇ ಶುರು. ಮುಂದೆ ಕಬ್ಬಿಣದ ಬಂಪರ್, ಅದಕ್ಕೊಂದು ವಿಂಚ್ (ಸಿಕ್ಕಿಬಿದ್ದ ಗಾಡಿ ಎಳೆಯುವ ಹಗ್ಗದ ರಾಟೆ), ದೊಡ್ಡ ಟೈರು. ಕ್ರೇನ್ ಹತ್ತಿರ ಬರುವುದೇ ಇಲ್ಲ. ತೋಳನ್ನು ಕೊನೆ ತೂತಿಗೆ ಎಳೆಯುತ್ತಾರೆ. ಮಹೀಂದ್ರ ಎಂಎಂ540 ಜೀಪಿನಲ್ಲಿದ್ದ 2.1 ಲೀಟರ್ ಪ್ಯೂಜೋ ಡೀಸೆಲ್‌ನಂಥ ಇಂಜಿನ್ನೇ ಸುಮಾರು 200 ಕಿಲೋ ತೂಗುತ್ತದೆ. ಗೇರ್ ಬಾಕ್ಸ್ ಸಮೇತ ಎತ್ತಿದರೆ 250 ದಾಟಿಬಿಡುತ್ತದೆ. ಅದಕ್ಕೇ ನಾನು ಮೊದಲು ಬಂಪರ್, ವಿಂಚ್, ಗ್ರಿಲ್, ರೇಡಿಯೇಟರ್ ಬಿಚ್ಚಿಸುತ್ತೇನೆ. ಅರ್ಧ ದಿನ ಜಾಸ್ತಿ ಹಿಡಿಯಬಹುದು, ಹಿಡಿಯಲಿ. ಗ್ರಿಲ್ ಹೋದರೆ ಇಂಜಿನ್ನನ್ನು ಅಷ್ಟು ಎತ್ತರಕ್ಕೆ ಎತ್ತಬೇಕಾಗಿಯೂ ಇಲ್ಲ. ಟೈರಿನ ಗಾಳಿ ಬಿಟ್ಟರೆ ಇನ್ನೂ ಸ್ವಲ್ಪ ತಗ್ಗುತ್ತದೆ.

ಚೈನನ್ನು ಇಂಜಿನ್ನಿನ ಎರಡು ತುದಿಗೆ ಕಟ್ಟುವಾಗ ಕ್ರೇನಿನ ಕೊಕ್ಕೆ ಸಾಕಷ್ಟು ಮೇಲೆಯೇ ಇರಲಿ. ಚೈನಿನ ಎರಡು ಕಾಲೂ ನೆಲದ ಮಟ್ಟಕ್ಕೆ 60 ಡಿಗ್ರಿ ಇದ್ದರೆ ಒಂದೊಂದರ ಮೇಲೆ ಒಟ್ಟು ಭಾರದ ಶೇ. 58ರಷ್ಟು ಬೀಳುತ್ತದೆ. 30 ಡಿಗ್ರಿಗೆ ಚಪ್ಪಟೆಯಾದರೆ ಒಂದೊಂದೂ ಪೂರ್ತಿ ಭಾರದಷ್ಟೇ ಎಳೆತ ತಡೆಯಬೇಕು.

ಗೇರ್ ಬಾಕ್ಸ್ ಗಾಡಿಯಲ್ಲೇ ಉಳಿಯುವುದಾದರೆ ಅದರ ಕೆಳಗೆ ಜಾಕಿ ಕೊಡಲೇಬೇಕು. ಆಮೇಲೆ ಬೆಲ್ ಹೌಸಿಂಗ್ (ಇಂಜಿನ್ನಿಗೆ ಗೇರ್ ಬಾಕ್ಸ್ ಸೇರುವ ಕಡೆಯ ಗಂಟೆಯಾಕಾರದ ಕವಚ) ಬೋಲ್ಟ್ ತೆಗೆದು ಇಂಜಿನ್ನನ್ನು ನೇರವಾಗಿ ಮುಂದಕ್ಕೆ ಎಳೆಯಿರಿ. ಗೇರ್ ಬಾಕ್ಸಿನ ಶಾಫ್ಟ್ ಕ್ಲಚ್ ಪ್ಲೇಟಿನಿಂದ ಪೂರ್ತಿ ಹೊರಬರುವ ತನಕ ಮೇಲೆತ್ತಬೇಡಿ. ಇಲ್ಲದಿದ್ದರೆ ಭಾರವೆಲ್ಲ ಆ ಪ್ಲೇಟಿನ ನಡುವಿನ ಹಲ್ಲುಗಳ ಮೇಲೆ ಬೀಳುತ್ತದೆ.

ಕ್ರೇನಿನ ಪಂಪ್ ಒತ್ತಿದಾಗ ಗಾಡಿಯ ಮೂತಿಯೂ ಇಂಜಿನ್ ಜೊತೆ ಏಳುತ್ತಿದೆಯಾ? ಅಲ್ಲೇ ನಿಲ್ಲಿಸಿ. ಎಲ್ಲೋ ಒಂದು ಬೋಲ್ಟು, ಇಲ್ಲವೇ ಇಂಜಿನ್ನನ್ನು ಚಾಸಿಗೆ ಜೋಡಿಸುವ ಕರೆಂಟಿನ ಅರ್ಥ್ ಪಟ್ಟಿ ಉಳಿದಿದೆ. ಸುಮ್ನೆ ಇನ್ನೆರಡು ಪಂಪ್ ಒತ್ತುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅದು ತಟಕ್ಕನೆ ಬಿಟ್ಟುಕೊಂಡರೆ ಗಾಡಿ ಕೆಳಗೆ ಕೂರುತ್ತದೆ, ಇಂಜಿನ್ ತೂಗಾಡುತ್ತದೆ, ಕೈ ಎಲ್ಲಿದೆಯೋ ಯಾರಿಗೆ ಗೊತ್ತು.

ಅಂಗಳ ಮಣ್ಣಿನದಾದರೆ ಕ್ರೇನಿನ ಸಣ್ಣ ಚಕ್ರ ಹೂತುಕೊಳ್ಳುತ್ತದೆ. ಇಂಜಿನ್ ಮೇಲೆ ತೂಗುತ್ತಿರುವಾಗ ಕ್ರೇನನ್ನು ಎಳೆಯುವ ಬದಲು ಗಾಡಿಯನ್ನೇ ಹಿಂದಕ್ಕೆ ತಳ್ಳಿಸಿ. ಗಾಡಿ ತಳ್ಳಲು ಜಾಕಿ ತೆಗೆದ ಮೇಲೆ ಗೇರ್ ಬಾಕ್ಸ್ ಬೀಳದಂತೆ ಮೊದಲೇ ಚಾಸಿಗೆ ಅಡ್ಡಪಟ್ಟಿ ಹಾಕಿ ಕಟ್ಟಿರಬೇಕು. ಜಾಗ ಸಿಕ್ಕ ತಕ್ಷಣ ಪಂಪಿನ ವಾಲ್ವ್ ನಿಧಾನಕ್ಕೆ ಸಡಿಲಿಸಿ, ಇಂಜಿನ್ನನ್ನು ಮೊಣಕಾಲಿನಷ್ಟು ಎತ್ತರಕ್ಕೆ ಇಳಿಸಿಕೊಳ್ಳಿ. ಕೊನೆಗೆ ಕೂರಿಸುವಾಗ ಭಾರ ತಳದಲ್ಲಿರುವ ಆಯಿಲ್ ಸಂಪಿನ (ಎಣ್ಣೆ ತುಂಬಿರುವ ತಟ್ಟೆಯ) ಮೇಲೆ ಬೀಳಬಾರದು, ತಗಡು ಒಳಗೆ ನುಗ್ಗುತ್ತದೆ. ಬ್ಲಾಕಿನ ಎರಡೂ ಬದಿಗೆ ಮರದ ದಿಮ್ಮಿ ಕೊಡಿ.